ಮಲೇರಿಯಾ ಓದಿದವಳ ಅಮ್ಮನ ಜ್ವರ

ಅಮ್ಮನಿಗೆ ಮಲೇರಿಯಾ ಮರುಕಳಿಸಿದಾಗ ನನಗೆ ಮೊದಲು ಆದದ್ದು ನಾಚಿಕೆ. ಗಾಬರಿ ಆಮೇಲೆ.

ರಬಾಳೆಯ ಲ್ಯಾಬಿನಲ್ಲಿ ನನ್ನ ಕೆಲಸವೇ ಅದು: ಮಲೇರಿಯಾದ ಪರಾವಲಂಬಿ ಕೆಂಪು ರಕ್ತಕಣದೊಳಗೆ ಹೇಗೆ ನುಗ್ಗುತ್ತದೆಂದು ನೋಡುವುದು. ಅದರ ಅಧಿಕಪ್ರಸಂಗ ಕೇಳಿ. ಮೊದಲು ತನ್ನದೇ ಒಂದು ಪ್ರೋಟೀನನ್ನು ಕಣದ ಪೊರೆಗೆ ನಾಟುತ್ತದೆ. ಆಮೇಲೆ ತನ್ನ ಮೈಮೇಲಿನ ಇನ್ನೊಂದು ಪ್ರೋಟೀನಿನಿಂದ ಅದನ್ನೇ ಬಿಗಿಯಾಗಿ ಹಿಡಿದುಕೊಂಡು ಒಳಗೆ ಜಾರುತ್ತದೆ. ಪರರ ಮನೆ ಬಾಗಿಲಿಗೆ ತಾನೇ ಹಿಡಿಕೆ ತಂದು ಜೋಡಿಸಿಕೊಂಡ ಹಾಗೆ! ಈ ಒಂದು ಹಿಡಿಕೆಯ ಬಗ್ಗೆ ನಾನು ಗಂಟೆಗಟ್ಟಲೆ ಕೊರೆಯಬಲ್ಲೆ.

ಮಳೆಗಾಲದಲ್ಲಿ ಅಮ್ಮನಿಗೆ ಮೊದಲ ಸಲ ಜ್ವರ ಬಂದಾಗ ಡಾಕ್ಟರು ಎರಡು ಬಗೆಯ ಮಾತ್ರೆ ಕೊಟ್ಟಿದ್ದರು. ಒಂದು ರಕ್ತದಲ್ಲಿರುವ ಪರಾವಲಂಬಿಗೆ. ಇನ್ನೊಂದು ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಮತ್ತೆ ಜ್ವರ ತರುವುದಕ್ಕೆ, ಎರಡು ವಾರ ಬಿಡದೆ ನುಂಗಬೇಕಾದದ್ದು. "ಬಿಡಬೇಡ ಅಮ್ಮ" ಎಂದಷ್ಟೇ ಹೇಳಿ ನಾನು ಲ್ಯಾಬಿಗೆ ಹೋಗುವ ಲೋಕಲ್ ರೈಲು ಹಿಡಿಯಲು ಡೊಂಬಿವಲಿ ಸ್ಟೇಷನ್ನಿಗೆ ಓಡಿದೆ. ಜ್ವರ ಬಿಟ್ಟಿತು. ಮತ್ತೆ ಕೇಳಲಿಲ್ಲ.

ದೀಪಾವಳಿಯ ಹೊತ್ತಿಗೆ ಹಲ್ಲು ಕಟಕಟ ಎನ್ನುವಂಥ ನಡುಕ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿ, ರಕ್ತ ತೀರಾ ಕಡಿಮೆಯಾಗಿದೆ, ಅಡ್ಮಿಟ್ ಮಾಡಲೇಬೇಕು ಎಂದರು. "ಗೋಲಿ ಪೂರಾ ಖಾಯಾ ಥಾ, ಆಯೀ?" ಮಾತ್ರೆ ಪೂರ್ತಿ ನುಂಗಿದ್ದಿರಾ ಎಂದು ಅಮ್ಮನನ್ನು ಹಿಂದಿಯಲ್ಲಿ ಕೇಳಿದರು.

ಅಮ್ಮ ನನ್ನ ಕಡೆ ತಿರುಗಿದಳು. "ಇಲ್ಲ ಮಗಾ. ಜ್ವರ ಬಿಟ್ಟಿತ್ತಲ್ಲ? ಆ ಮಾತ್ರೆ ಭಾರೀ ಉಷ್ಣ, ಹೊಟ್ಟೆಯೆಲ್ಲ ಉರಿ. ನಿಲ್ಲಿಸಿ ಎಳನೀರು ಕುಡಿದೆ."

ಅಯ್ಯೋ ದೇವರೇ! ನಮ್ಮ ಉಡುಪಿ ಕಡೆಯವರಿಗೆ ಮೈಗೆ ಉಷ್ಣವಾದದ್ದನ್ನು ಬಿಟ್ಟು ತಂಪು ಕುಡಿಯುವುದೇ ಅರ್ಧ ವೈದ್ಯ. ಚಿಕ್ಕವಳಿದ್ದಾಗ ನನ್ನ ಮಾತ್ರೆ ನಿಲ್ಲಿಸಿ ಕೊತ್ತಂಬರಿ ನೀರು ಕುಡಿಸಿದವಳೂ ಇವಳೇ. ಇದು ನನಗೆ ಹೊಳೆಯಲಿಲ್ಲವಲ್ಲ, ನನ್ನ ತಲೆಗಿಷ್ಟು!

"ಘರ್ ಮೇ ಕೋಯಿ ಪಢಾ-ಲಿಖಾ ನಹೀಂ ಹೈ ಕ್ಯಾ?" ಮನೆಯಲ್ಲಿ ಓದು ಬರಹ ಬಲ್ಲವರು ಯಾರೂ ಇಲ್ಲವೇ ಎಂದು ಡಾಕ್ಟರಮ್ಮ ಕೇಳಿದರು. ನಾನು ನೆಲ ನೋಡಿದೆ. ಅಮ್ಮನ ರಕ್ತ ಇಳಿದಿದೆ, ತುಟಿ ಬಿಳುಚಿದೆ, ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಇವಳು ನನ್ನ ಕೆಲಸ ಏನೆಂದು ಬಾಯಿ ಬಿಡದಿರಲಿ. ಥೂ, ಎಂಥ ಮಗಳು!

"ಮೇರಾ ಹೀ ಗಲತೀ" ಎಂದಳು ಅಮ್ಮ. ತಪ್ಪು ತನ್ನದೇ ಎಂದು, ಅಷ್ಟೇ.

ವಾರ್ಡಿನಲ್ಲಿ ಕಂಬಳಿ ಹೊದೆಸುವಾಗ ನಡುಗುತ್ತಲೇ ನನ್ನ ಕೈ ಹಿಡಿದಳು.

"ನಿನ್ನ ಲ್ಯಾಬಿನ ವಿಷಯ ನಾನು ಹೇಳ್ಲಿಲ್ಲ ಮಗಾ," ಎಂದಳು. "ನೀನು ಹೆದರ್ಬೇಡ."