ಬಿಚ್ಚದ ಡಬ್ಬಿ

ನಮ್ಮ ಮನೆಯವರಿಗೆ ಈ ಲೋಕದ ಯಾವ ವಿಷಯದ ಮೇಲೂ ಅಭಿಪ್ರಾಯವಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಸರಿ, ಕಡಿಮೆಯಾದರೂ ಸರಿ. ಯಾರಿಗೆ ಓಟು ಹಾಕಿದಿರಿ ಎಂದರೆ ಪೇಟೆಯವರೆಲ್ಲ ಹಾಕಿದವರಿಗೆ ಎನ್ನುತ್ತಾರೆ. ಮಗಳನ್ನು ಸೈನ್ಸಿಗೆ ಸೇರಿಸೋಣವೋ ಕಾಮರ್ಸಿಗೋ ಎಂದು ಕೇಳಿದಾಗ, ನೀನೇ ನೋಡು ಎಂದು ಸುಮ್ಮನಾದರು. ಆದರೆ ವಿಡಿಯೋ ಗೇಮಿನ ಮಾತು ಎತ್ತಿ ನೋಡಿ. ಮಂಡಿಪೇಟೆಯ ಬೆಲ್ಲದ ವ್ಯಾಪಾರಿ ಕೊಟ್ಟೂರೇಶ್ ಅವರಿಗೆ ಮೈಮೇಲೆ ದೇವರು ಬಂದ ಹಾಗಾಗುತ್ತದೆ.

ಮದುವೆಯಾಗಿ ಇಷ್ಟು ವರ್ಷ ಕೇಳಿ ಕೇಳಿ ನನಗೆ ಎಲ್ಲ ಬಾಯಿಪಾಠವಾಗಿದೆ. ಮೊಬೈಲಿನಲ್ಲಿ ಆಡುವುದು ಆಟವೇ ಅಲ್ಲ, ಬಸ್ಸು ಕಾಯುವವರ ಚಟ. ಟೀವಿಗೆ ಸಿಕ್ಕಿಸಿ, ನೆಲದ ಮೇಲೆ ಕೂತು, ಕೈಯಲ್ಲಿ ಕಂಟ್ರೋಲರ್ ಹಿಡಿದು ಆಡಿದರೆ ಮಾತ್ರ ಆಟ. ಡಿಸ್ಕಿನಲ್ಲಿ ಬಂದ ಗೇಮು ಸ್ವಂತ ಮನೆ. ಡೌನ್‌ಲೋಡ್ ಮಾಡಿದ್ದು ಬಾಡಿಗೆ ಮನೆ, ಮಾಲೀಕ ಯಾವತ್ತು ಖಾಲಿ ಮಾಡು ಎನ್ನುತ್ತಾನೋ ಗೊತ್ತಿಲ್ಲ. ಡಿಸ್ಕ್ ಹಾಕಲು ಬಾಯಿಯೇ ಇಲ್ಲದ ಈಗಿನ ಕನ್ಸೋಲುಗಳನ್ನು ಮಾಡಿದವರಿಗೂ ಬುದ್ಧಿಯಿಲ್ಲ, ಕೊಂಡವರಿಗೂ ಇಲ್ಲ. ಅರ್ಧ ಬೆಂದ ಗೇಮು ಮಾರಿ ಆಮೇಲೆ ಅಪ್‌ಡೇಟ್ ಕಳಿಸುವುದೆಂದರೆ, ಅನ್ನ ಬಡಿಸಿ ಸಾರು ನಾಳೆ ಎಂದಂತೆ. ಹಳೆಯ ಟೀವಿ ಗೇಮಿನ ಕ್ಯಾಸೆಟ್ಟಿಗೆ ಬಾಯಿಂದ ಊದಿದವರೆಲ್ಲ ಪಾಪಿಗಳು, ಆ ತೇವಕ್ಕೆ ಒಳಗಿನ ತಾಮ್ರ ಕಿಲುಬು ಹಿಡಿಯುತ್ತದೆ. ಇಷ್ಟನ್ನೂ ಅವರು ಬೆಲ್ಲ ಕೊಳ್ಳಲು ಬಂದ ಚಿತ್ರದುರ್ಗದ ಗಿರಾಕಿಗೂ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಪಾಪ, ಆತ ಅಚ್ಚಿನ ಬೆಲ್ಲದ ದರ ಕೇಳಿದ್ದ.

ಅವರಿಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಗೇಮುಗಳನ್ನು ಬಿಚ್ಚದೆ ಇಟ್ಟುಕೊಳ್ಳುವವರ ಮೇಲೆ. ಫೋನಿನಲ್ಲಿ ಸಂಗ್ರಹಕಾರರ ಒಂದು ಗ್ರೂಪ್ ಇದೆ. ಅದರಲ್ಲಿ ಯಾರಾದರೂ ಸೀಲ್ ಒಡೆಯದ ಡಬ್ಬಿಯ ಫೋಟೋ ಹಾಕಿದರೆ, ಇದು ಗೇಮರ್‌ಗಳ ಲಕ್ಷಣವಲ್ಲ, ಸೈಟು ಮಾಡಿಟ್ಟು ಬೆಲೆ ಏರಲಿ ಎಂದು ಕಾಯುವವರ ಲಕ್ಷಣ ಎಂದು ಬರೆಯುತ್ತಾರೆ. ಬರೆದು ತಲೆ ಎತ್ತಿದರೆ ಎದುರಿಗೇ ಶೋಕೇಸಿನ ಮೇಲಿನ ಹಲಗೆಯಲ್ಲಿ ಅವರದೇ ಒಂದು ಬಿಚ್ಚದ ಡಬ್ಬಿ ಕೂತಿರುತ್ತಿತ್ತು. ಹೇಳೋದು ಶಾಸ್ತ್ರ, ಹಾಕೋದು ಗಾಳ.

ಆ ಡಬ್ಬಿಯ ಕತೆ ಹೇಳಬೇಕು. ಮಗಳು ಅಂಕಿತಾ ಹುಟ್ಟಿದಾಗ ನಮ್ಮ ಅತ್ತೆ ಬೆಳ್ಳಿ ಉಡಿದಾರ ತರಲು ಇವರನ್ನು ಪೇಟೆಗೆ ಕಳಿಸಿದ್ದರು. ಇವರು ನೇರ ನೌಮಾನ್ ಅಂಗಡಿಗೆ ಹೋದರು. ನೌಮಾನ್ ಇವರ ಸಹಪಾಠಿ, ಟೀವಿ ರಿಪೇರಿ ಮಾಡುತ್ತಾ ಗೇಮುಗಳನ್ನೂ ತರಿಸಿ ಮಾರುತ್ತಿದ್ದ. ಅವನ ಹತ್ತಿರ ಆಗಿನ ಹೊಸ ಕನ್ಸೋಲ್ ಕೊಂಡರು, ಡಬ್ಬಿಯೊಳಗೇ ಒಂದು ಕಾರು ಆಟದ ಡಿಸ್ಕ್ ಇದ್ದದ್ದು. ಅದರ ಜೊತೆಗೆ ಬರುವುದು ಒಂದೇ ಕಂಟ್ರೋಲರ್; ಇನ್ನೊಂದನ್ನು ಬೇರೆಯಾಗಿ ಕೊಂಡು ಡಬ್ಬಿಯ ಬೆನ್ನಿಗೆ ಟೇಪು ಹಾಕಿ ಅಂಟಿಸಿದರು. ಎರಡನ್ನೂ ಆಸ್ಪತ್ರೆಗೆ ತಂದು ತೊಟ್ಟಿಲ ಪಕ್ಕ ಇಟ್ಟು, "ಇದು ನಿಂದವ್ವ. ನಿನ್ನ ಕೈಗೆ ಹಿಡಿಯಾಕೆ ಬರೋ ದಿನ ಇಬ್ಬರೂ ಕೂಡಿ ಬಿಚ್ಚೋಣ," ಎಂದರು. ಅತ್ತೆ ಉಡಿದಾರ ಎಲ್ಲೋ ಎಂದು ರೇಗುತ್ತಿದ್ದರು. ನಾನು ಮಲಗಿದ್ದಲ್ಲೇ ಖುಷಿಯಿಂದ ಕಣ್ಣೀರು ಹಾಕಿದೆ. ಆ ಮಾತನ್ನು ಅವರು ಮನಸಾರೆ ಆಡಿದ್ದರು. ಸುಳ್ಳು ಹೇಳಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅಂಕಿತಾ ಒಂದನೇ ಕ್ಲಾಸಿಗೆ ಬಂದಾಗ ಕೇಳಿದಳು. ಕೈ ಇನ್ನೂ ಚಿಕ್ಕದು ಎಂದರು. ಮೂರನೇ ಕ್ಲಾಸಿನಲ್ಲಿ ಕೇಳಿದಳು. ಬೇಸಿಗೆ ರಜೆ ಬರಲಿ ಎಂದರು. ಆ ಹೊತ್ತಿಗೆ ಕಂಪನಿಯವರು ಆ ಕನ್ಸೋಲ್ ತಯಾರಿಸುವುದನ್ನೇ ನಿಲ್ಲಿಸಿದ್ದರು, ಸೀಲ್ ಒಡೆಯದ ಡಬ್ಬಿಗಳಿಗೆ ಗ್ರೂಪಿನಲ್ಲಿ ಬೆಲೆ ಏರತೊಡಗಿತ್ತು. ಅಲ್ಲಿಂದ ಉತ್ತರವೇ ಬದಲಾಯಿತು. ಸೀಲ್ ಒಡೆಯುವುದು ಒಂದೇ ಸಲ ಮಗಳೇ, ಒಡೆದ ಮೇಲೆ ಅದು ಎಲ್ಲರ ಮನೆಯ ಕನ್ಸೋಲ್ ಇದ್ದಂಗೆ ಎನ್ನತೊಡಗಿದರು. ಶೋಕೇಸಿನಲ್ಲಿ ಬೇರೆ ಕನ್ಸೋಲುಗಳಿರಲಿಲ್ಲವೇ ಎಂದರೆ, ಇದ್ದವು. ಇವರು ಆಡುವಾಗ ಅವಳು ಪಕ್ಕದಲ್ಲಿ ಕೂತು ನೋಡಬಹುದಿತ್ತು. ಒಮ್ಮೆ ಅವಳ ಕೈಯಿಂದ ಕಂಟ್ರೋಲರ್ ಜಾರಿ ಬಿದ್ದಾಗ ಇವರು ಬೈಯಲಿಲ್ಲ. ಎತ್ತಿಕೊಂಡು, ಬಟ್ಟೆಯಲ್ಲಿ ಒರೆಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು.

ಪ್ರತಿ ಹುಟ್ಟುಹಬ್ಬದ ಬೆಳಿಗ್ಗೆ ಅವಳು, ಇವತ್ತು ತೆಗೀತೀರಾ ಅಪ್ಪಾಜಿ ಎಂದು ಕೇಳುತ್ತಿದ್ದಳು. ಹೈಸ್ಕೂಲಿಗೆ ಹೋದ ವರ್ಷ ಕೇಳಲಿಲ್ಲ. ಆ ದಿನ ಅವಳು ಕೇಳಲಿಲ್ಲ ಎಂಬುದು ನನಗೆ ಗೊತ್ತಾಯಿತು, ಇವರಿಗೆ ಗೊತ್ತಾಗಲಿಲ್ಲ.

ಇನ್ನು ನಮ್ಮ ಅತ್ತೆ ಮರುಳಸಿದ್ದಮ್ಮನವರ ವಿಷಯ. ಅವರದೂ ಒಂದು ಸಂಗ್ರಹವಿದೆ. ಮದುವೆ, ಗೃಹಪ್ರವೇಶ, ಬಸುರಿಯ ಕುಬಸ ಎಂದು ಬಂದ ಮುಯ್ಯಿಗಳಲ್ಲಿ ಮನೆಗೆ ಬೇಡವಾದದ್ದೆಲ್ಲ ಅವರ ಬೀರುವಿನಲ್ಲಿರುತ್ತದೆ. ಸ್ಟೀಲ್ ಡಬ್ಬಿ, ಗೋಡೆ ಗಡಿಯಾರ, ಕುಪ್ಪಸದ ಕಣ, ಯಾರೂ ಬಳಸದ ಗಾಜಿನ ಲೋಟಗಳ ಸೆಟ್ಟು. ಯಾರು ಕೊಟ್ಟಿದ್ದು ಎಂಬುದನ್ನು ನೆನಪಿಟ್ಟುಕೊಂಡು, ಅವರ ಮನೆಗೇ ಹೋಗದಂತೆ ನೋಡಿಕೊಂಡು, ಇನ್ನೊಬ್ಬರ ಮನೆಗೆ ದಾಟಿಸುತ್ತಾರೆ. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದು ಇದ್ದದ್ದೇ, ಆದರೆ ನಮ್ಮ ಅತ್ತೆಗೆ ಅದೊಂದು ಧರ್ಮ. "ಬಿಚ್ಚಿದ್ದು ನಮ್ದು, ಬಿಚ್ಚದೇ ಇದ್ದದ್ದು ಊರ್ದು," ಎನ್ನುತ್ತಾರೆ.

ಹೋದ ಫೆಬ್ರವರಿಯಲ್ಲಿ ಹರಿಹರದಲ್ಲಿ ಅತ್ತೆಯ ತಮ್ಮನ ಮಗ ಶಿವಮೂರ್ತಿಯ ಹೊಸ ಮನೆ ಗೃಹಪ್ರವೇಶವಿತ್ತು. ಕೊಂಡಜ್ಜಿ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟು ಬೆವರು ಸುರಿಸಿ ಕಟ್ಟಿಸಿದ ಮನೆ. ಇವರು ಅಂಗಡಿ ಬಿಟ್ಟು ಬರಲಾಗದು ಎಂದರು, ನಾವು ಮೂವರು ಹೆಂಗಸರು ಬಸ್ಸಿಗೆ ಹೋದೆವು. ಮುಯ್ಯಿಗೆ ಬಣ್ಣದ ಕಾಗದ ಸುತ್ತಿದವಳು ಅಂಕಿತಾ. ಅವಳ ಕೈಕೆಲಸ ಅಚ್ಚುಕಟ್ಟು. ದಾವಣಗೆರೆಯಿಂದ ಹರಿಹರದವರೆಗೆ ಆ ಗಂಟು ನನ್ನ ತೊಡೆಯ ಮೇಲೇ ಇತ್ತು. ಕುಕ್ಕರ್ ಎಂದುಕೊಂಡಿದ್ದೆ.

ಇವರಿಗೆ ಗೊತ್ತಾಗಿದ್ದು ಮುಂದಿನ ಅಮಾವಾಸ್ಯೆಗೆ. ಅಮಾವಾಸ್ಯೆಯ ದಿನ ಅಂಗಡಿ ಪೂಜೆ ಮುಗಿಸಿ ಮಧ್ಯಾಹ್ನಕ್ಕೇ ಮನೆಗೆ ಬರುತ್ತಾರೆ. ಊಟ ಮಾಡಿ, ಮೆತ್ತನೆಯ ಬ್ರಷ್ ಹಿಡಿದು ಒಂದೊಂದೇ ಕನ್ಸೋಲ್ ಇಳಿಸಿ ಧೂಳು ತೆಗೆಯುತ್ತಾರೆ. ಅವತ್ತು ಮೇಲಿನ ಹಲಗೆಗೆ ಕೈ ಹಾಕಿದರೆ ಡಬ್ಬಿಯ ಜಾಗ ಖಾಲಿ; ಎದುರಿಗೇ ಇದ್ದರೂ ಇಷ್ಟು ದಿನ ಇವರ ಕಣ್ಣಿಗೂ ಬಿದ್ದಿರಲಿಲ್ಲ, ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಆಮೇಲೆ ಮನೆಯಲ್ಲಿ ಎದ್ದ ಗದ್ದಲವನ್ನು ಬರೆಯುವುದಿಲ್ಲ. ಅತ್ತೆ ಮಾತ್ರ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಇಷ್ಟು ವರ್ಷ ಬಿಚ್ಚದೇ ಇಟ್ಟಿದ್ದೀಯಲ್ಲ, ನಿನಗೆ ಬೇಡವಾಗಿದೆ ಎಂದುಕೊಂಡೆವು, ಹರಿಹರಕ್ಕೆ ಮುಯ್ಯಿ ಹೋಯಿತು ಎಂದರು. ಇವರು ಈಗಲೇ ಹೋಗಿ ತರುತ್ತೇನೆ ಎಂದಾಗ ಅತ್ತೆಯ ಕೈ ನಿಂತಿತು.

"ಕೊಟ್ಟ ಮುಯ್ಯಿ ವಾಪಸ್ ಕೇಳಾಕೆ ಹೊಂಟೀಯಾ? ನನ್ನ ತವರುಮನೆ ಐತೆ ಅದು. ಅಡಕೆಗೆ ಹೋದ ಮಾನ ಆನೆ ಕೊಟ್ರೂ ಬರಂಗಿಲ್ಲ."

ಇವರು ಆನೆಯನ್ನೇ ಕೊಡಲು ತಯಾರಾದರು. ನೌಮಾನ್ ಅಂಗಡಿಗೆ ಹೋಗಿ ಎಲ್ಲಕ್ಕಿಂತ ಹೊಸ ಕನ್ಸೋಲ್ ಕೊಂಡರು, ಅದೂ ಡಿಸ್ಕಿಗೆ ಬಾಯಿಯಿಲ್ಲದ್ದು, ಬೇರೆ ಇರಲಿಲ್ಲವಂತೆ. ಅದಕ್ಕೂ ಎರಡನೇ ಕಂಟ್ರೋಲರ್ ಕೊಂಡರು. ಹಳೆಯದನ್ನು ಆಡುವವರಿಗೆ ಅಂತ ಮಾರಿದ್ದೆನಲ್ಲೋ ಮಾರಾಯ, ಬಿಚ್ಚದೇ ಇಟ್ಟರೂ ಕಂಟ್ರೋಲರಿನ ಬ್ಯಾಟರಿ ಒಳಗೇ ಸಾಯುತ್ತದೆ ಎಂದು ನೌಮಾನ್ ಹೇಳಿದನಂತೆ. ಅದನ್ನು ಇವರು ನನಗೆ ಹೇಳಿದ್ದು ನೌಮಾನನಿಗೆ ಏನೂ ತಿಳಿಯದು ಎಂದು ತೋರಿಸಲು.

ಭಾನುವಾರ ಅತ್ತೆಯನ್ನು ಮನೆಯಲ್ಲಿ ಬಿಟ್ಟು ಅಂಗಡಿಯ ಓಮ್ನಿಯಲ್ಲಿ ಹರಿಹರಕ್ಕೆ ಹೊರಟೆವು. ಅಂಕಿತಾ ತಾನೂ ಬರುತ್ತೇನೆ ಎಂದು ಹಿಂದೆ ಕೂತಳು. ದಾರಿಯುದ್ದಕ್ಕೂ ಇವರು, ಇನ್ನೂ ಬಿಚ್ಚಿರಲಿಕ್ಕಿಲ್ಲ, ವೆಲ್ಡಿಂಗ್ ಮಾಡುವವನಿಗೆ ಇದೆಲ್ಲ ಏನು ಗೊತ್ತು ಎನ್ನುತ್ತಿದ್ದರು.

ಬಾಗಿಲಲ್ಲೇ ಟೀವಿಯ ಸದ್ದು ಕೇಳಿತು. ಶಿವಮೂರ್ತಿ ಲುಂಗಿ ಮೊಣಕಾಲಿಗೆ ಎತ್ತಿಕಟ್ಟಿ ನೆಲದ ಮೇಲೆ ಕೂತಿದ್ದ. ಅವನ ತೊಡೆಗೆ ಒರಗಿ ಅವನ ಮಗಳು ಪುಟ್ಟಿ. ಇಬ್ಬರ ಕೈಯಲ್ಲೂ ಕಂಟ್ರೋಲರ್, ನಡುವೆ ಮಂಡಕ್ಕಿ-ಮೆಣಸಿನಕಾಯಿಯ ತಟ್ಟೆ. ಬ್ಯಾಟರಿ ಸತ್ತಿತ್ತೇನೋ, ವೈರು ಸಿಕ್ಕಿಸಿಕೊಂಡೇ ಆಡುತ್ತಿದ್ದರು. ಟೀವಿಯಲ್ಲಿ ಎರಡು ಕಾರುಗಳು ಒಂದಕ್ಕೊಂದು ಗುದ್ದಿಕೊಂಡು ಓಡುತ್ತಿದ್ದವು.

"ಬರ್ರಿ ಭಾವಾ, ಕೂಡ್ರಿ. ಎಂಥ ಸಾಮಾನು ಕೊಟ್ಟೀರಿ ನೋಡ್ರಿ. ಅಂಗಡಿ ಮುಚ್ಚಿ ಬಂದ್ರೆ ದಿನಾ ಇದೇ. ನಮ್ಮ ಹುಡುಗಿ ಒಂದು ದಿನ ನನ್ನ ಗೆಲ್ಲಾಕೆ ಬಿಟ್ಟಿಲ್ಲ," ಎಂದ ಶಿವಮೂರ್ತಿ.

ಅವನು ಎದ್ದು ತನ್ನ ಕಂಟ್ರೋಲರನ್ನು ಅಂಕಿತಾಳ ಕೈಗೆ ಕೊಟ್ಟ. ಅವಳು ಕೂತಳು. ಪುಟ್ಟಿ ಅವಳಿಗೆ ಯಾವ ಗುಂಡಿ ಒತ್ತಬೇಕು ಎಂದು ಹೇಳಿಕೊಟ್ಟಳು, ಮೊದಲ ಸುತ್ತಿನಲ್ಲೇ ಸೋಲಿಸಿದಳು. ಅಂಕಿತಾ ನಕ್ಕಳು. ಅಷ್ಟು ಜೋರಾಗಿ ಅವಳು ನಮ್ಮ ಮನೆಯಲ್ಲಿ ನಕ್ಕು ಎಷ್ಟು ದಿನವಾಗಿತ್ತೋ. ನಾನು ಇವರ ಮುಖ ನೋಡಿದೆ, ಮಗಳ ನಗು ಕಿವಿಗೆ ಬಿತ್ತೇ ಎಂದು. ಇವರ ಕಣ್ಣು ಪುಟ್ಟಿಯ ಎಣ್ಣೆಗೈ ಮೇಲಿತ್ತು.

"ಡಬ್ಬಿ ಎಲ್ಲೈತೆ?" ಎಂದರು.

ಡಬ್ಬಿ ಅಡುಗೆಮನೆಯ ಅಟ್ಟದ ಮೇಲಿತ್ತು, ಅದರಲ್ಲಿ ಸಂಡಿಗೆ ತುಂಬಿದ್ದರು. ಶಿವಮೂರ್ತಿಯ ಹೆಂಡತಿ ಸಂಡಿಗೆಯನ್ನು ಮೊರಕ್ಕೆ ಸುರಿದು ಡಬ್ಬಿ ತಂದುಕೊಟ್ಟಳು. ಇವರು ಆಗ ಬಂದ ಕೆಲಸ ಹೇಳಿದರು. ಏನೋ ಅದಲುಬದಲಾಗಿದೆ, ನಿಮಗೆ ಕೊಡಬೇಕೆಂದಿದ್ದು ಈ ಹೊಸದು ಎಂದರು. ಶಿವಮೂರ್ತಿ ದಡ್ಡನಲ್ಲ. ಅವನ ಮುಖ ಸಪ್ಪಗಾಯಿತು, ಆದರೆ ನಿಮ್ಮದು ನೀವು ತೆಗೆದುಕೊಂಡು ಹೋಗಿ ಭಾವಾ ಎಂದ. ಪುಟ್ಟಿ ಮಾತ್ರ ಹೊಸ ಕನ್ಸೋಲನ್ನು ಸುತ್ತಲೂ ತಿರುಗಿಸಿ ನೋಡಿ, "ಇದಕ್ಕೆ ಬಾಯಿ ಎಲ್ಲೈತೆ ಮಾಮ?" ಎಂದು ಕೇಳಿದಳು.

ಈಗಿನವಕ್ಕೆ ಬಾಯಿ ಬೇಕಿಲ್ಲ, ಎಲ್ಲ ಡೌನ್‌ಲೋಡ್, ಅದೇ ಚೆನ್ನ ಎಂದು ನಮ್ಮ ಮನೆಯವರು ಆ ಮಗುವಿಗೆ ಹೇಳಿದರು. ಇಷ್ಟು ವರ್ಷ ಹೇಳಿದ್ದನ್ನೆಲ್ಲ ಒಂದು ಮಾತಿನಲ್ಲಿ ನುಂಗಿದರು. ಅಟ್ಟದ ಸಂಡಿಗೆ ಡಬ್ಬಿಗಾಗಿ. ನನಗೆ ನಾಚಿಕೆಯಾಗಿ ಅಡುಗೆಮನೆಗೆ ಹೋಗಿ ನಿಂತೆ. ಶಿವಮೂರ್ತಿಯ ಹೆಂಡತಿ ಚಹಾ ಕುಡಿಯಿರಿ ಎಂದದ್ದಕ್ಕೆ ಬೇಡ ಎನ್ನುವ ಮುಖವೂ ನನಗಿರಲಿಲ್ಲ, ಕುಡಿದೆ.

ಮನೆಗೆ ಬಂದ ಮೇಲೆ ಇವರಿಗೆ ಇದ್ದಕ್ಕಿದ್ದಂತೆ ಹುರುಪು ಬಂತು. ಸೀಲ್ ಹೋಗಿದೆ, ಇನ್ನೇನು ಎಂದುಕೊಂಡರೋ, ನಿಜಕ್ಕೂ ಹಳೆಯ ಮಾತು ನೆನಪಾಯಿತೋ ನನಗೆ ತಿಳಿಯದು. ಕಂಟ್ರೋಲರುಗಳ ಎಣ್ಣೆ ಒರೆಸಿ, ಕನ್ಸೋಲನ್ನು ಟೀವಿಗೆ ಸಿಕ್ಕಿಸಿ, ನೆಲಕ್ಕೆ ಜಮಖಾನ ಹಾಸಿದರು. "ಬಾರವ್ವ ಅಂಕಿತಾ, ಇಬ್ಬರೂ ಆಡೋಣ," ಎಂದು ಕರೆದರು. ಆ ದನಿಯಲ್ಲಿ ಆಸ್ಪತ್ರೆಯ ದಿನದ ಮೆತ್ತನೆ ಇತ್ತು. ನಾನು ಒಗೆದ ಬಟ್ಟೆ ಮಡಿಸುವುದನ್ನು ಬಿಟ್ಟು ಬಾಗಿಲಿಗೆ ಬಂದೆ.

ಅಂಕಿತಾ ಬಂದಳು, ಕೂತಳು, ಕಂಟ್ರೋಲರ್ ಕೈಗೆತ್ತಿಕೊಂಡಳು. ಆಟ ಶುರುವಾಗುವ ಮೊದಲೇ ಇವರು, "ಹಂಗ ಹಿಡೀಬ್ಯಾಡ, ವೈರಿನ ಬುಡ ಮುರೀತೈತೆ," ಎಂದರು.

ಅವಳು ಅದನ್ನು ಜಮಖಾನದ ಮೇಲೆ ಮೆಲ್ಲಗೆ ಇಟ್ಟಳು. ಸದ್ದಾಗದಂತೆ.

"ಅಜ್ಜಿ ಬೀರುವಿನಾಗಿನ ಕುಕ್ಕರ್ ಕಟ್ಟು ಅಂದಿದ್ರು ಅಪ್ಪಾಜಿ. ಇದು ಅಪ್ಪಾಜಿಗೆ ಬ್ಯಾಡಂತೆ ಅಂತ ಅಜ್ಜಿಗೆ ಹೇಳಿ ನಾನೇ ಇದನ್ನ ಕಟ್ಟಿದ್ದು."

"ಯಾಕ?" ಎಂದರು ಇವರು. ಬೈಯುವ ದನಿಯಲ್ಲ, ನಿಜವಾಗಿಯೂ ತಿಳಿಯದವರ ದನಿ.

"ಪುಟ್ಟಿಗೆ ಈಗ ಏಳು. ಅವಳಿಗಾದ್ರೂ ಆಡೋ ವಯಸ್ಸಿನಾಗೆ ಸಿಗ್ಲಿ ಅಂತ."

ಅಷ್ಟು ಹೇಳಿ ಎದ್ದು ಓದಲು ಹೋದಳು. ಅವಳು ಅಳಲಿಲ್ಲ, ಬಾಗಿಲನ್ನೂ ಬಡಿಯಲಿಲ್ಲ. ಟೀವಿಯಲ್ಲಿ ಎರಡನೇ ಆಟಗಾರ ಗುಂಡಿ ಒತ್ತಬೇಕು ಎಂದು ಬರುತ್ತಲೇ ಇತ್ತು. ಇವರು ಅದನ್ನು ಆರಿಸದೆ, ಆಡದೆ, ದೀಪ ಹಚ್ಚುವ ಹೊತ್ತಿನವರೆಗೂ ಕೂತಿದ್ದರು. ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ಎರಡು ಮಕ್ಕಳ ಆಟ ಒಂದೇ ವಸ್ತುವಿನಿಂದ ಕೆಡಿಸಿದ ಗಂಡಸು ಎಂದು ಸಿಟ್ಟೇ ಬಂತು, ಇನ್ನೂ ಇದೆ.

ಮುಂದಿನ ಅಮಾವಾಸ್ಯೆಗೆ ಎಂದಿನಂತೆ ಮಧ್ಯಾಹ್ನಕ್ಕೆ ಬಂದರು. ಮಂಡಿಪೇಟೆಯ ಪ್ಲಾಸ್ಟಿಕ್ ಅಂಗಡಿಯಿಂದ ತೆಳ್ಳನೆಯ ಹಾಳೆಯ ಸುರುಳಿಯೊಂದನ್ನು ತಂದಿದ್ದರು. ಕನ್ಸೋಲನ್ನು ಒರೆಸಿ, ಎರಡೂ ಕಂಟ್ರೋಲರುಗಳನ್ನು ಒಳಗಿಟ್ಟು, ಸಂಡಿಗೆಯ ವಾಸನೆ ಬರುವ ಆ ಡಬ್ಬಿಗೆ ಹಾಳೆ ಸುತ್ತತೊಡಗಿದರು. ಅತ್ತೆ ಸ್ವಲ್ಪ ಹೊತ್ತು ನೋಡಿದರು.

"ಬಿಚ್ಚಿದ್ದಾತಲ್ಲೋ, ಇನ್ನು ಅದು ನಮ್ದೇ. ಯಾರಿಗೂ ಕೊಡಾಕೆ ಬರಲ್ಲ. ಮತ್ಯಾಕ ಕಟ್ಟಿಡ್ತೀ?"

ಇವರು ಹಾಳೆಯ ಅಂಚು ಎಳೆದು ಹಿಡಿದರು. ನನ್ನ ಕಡೆ ಕೈ ಚಾಚಿ ಕತ್ತರಿ ಕೇಳಿದರು. ಕೊಟ್ಟೆ.