ಪಾಟೀಲ ಬರೆದ ಒಂದೇ ಹೈಜಾ

ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ನಮ್ಮೂರು ಎಕಂಬಾದಾಗ ವಾಂತಿಭೇದಿ ಹಬ್ಬಿತು. ಸರಕಾರಿ ಕಾಗದದಾಗ ಅದರ ಹೆಸರು ಹೈಜಾ. ಊರಿನ ಸಾವು ಬರಿಯೋದು ನಮ್ಮಜ್ಜ, ಪೊಲೀಸ್ ಪಾಟೀಲ ವೈಜಿನಾಥನ ಕೆಲಸ. ಆ ಬ್ಯಾನಿ ಹೆಸರು ತಗೊಂಡ್ರ ಅದು ಇನ್ನೊಂದು ಮನಿ ಹೊಗತದ ಅಂತ ಊರಿಗೂರೇ ಅಂಜತಿತ್ತು. ಅಜ್ಜನೂ ಅಂಜಿ ರಜಿಸ್ಟರಿನಾಗ 'ಬುಖಾರ' ಅಂತ ಬರದ. ಹತ್ತೊಂಬತ್ತು ಹೆಣಕ್ಕೂ ಅದನ್ನೇ ಬರದ. ಬರೇ ಜ್ವರಕ್ಕ ಯಾವ ತಹಸಿಲ್ದಾರ ಸೂಜಿ ಡಾಕ್ಟರನ್ನ ಕಳಸ್ತಾನ?

ಇಪ್ಪತ್ತನೇದಾಕಿ ಅವನ ಮಗಳೇ, ಒಂಬತ್ತು ವರ್ಷದ ಶಿವಕಾಂತಾ. ಮಣ್ಣು ಮಾಡಿ ಬಂದವನೇ ಕೈ ಸೈತ ತೊಳಕೊಳ್ಳದೆ 'ಹೈಜಾ' ಅಂತ ಬರದ.

ಆ ಸುದ್ದಿ ತಹಸಿಲ್ದಾರಗ ಮುಟ್ಟಿ ಮೂರನೇ ದಿನಕ್ಕ ಸೂಜಿ ಡಾಕ್ಟರು ಬಂದ್ರು. ರಜಿಸ್ಟರ ತಿರುವಿ ನೋಡಿ ನಕ್ಕರು: "ಹೈಜಾಕ್ಕ ಒಬ್ಬಾಕಿ ಅಷ್ಟೇ ಹೋಗ್ಯಾಳ. ನಿಮ್ಮೂರು ಪುಣ್ಯ ಮಾಡ್ಯದ ಬಿಡ್ರಿ, ಪಾಟೀಲರ."