ನೋಡೋಣ ಅಂದರೆ ಇಲ್ಲ

ಮಲೇಷ್ಯಾದ ನಿಲಾಯ್‌ನ ನಮ್ಮ ಕಾಲೇಜಿನಲ್ಲಿ ಪಾಠ ಹೇಳುವವರ ಪೈಕಿ ಕನ್ನಡ ಬಲ್ಲವರು ಇಬ್ಬರೇ: ನಾನು ಮತ್ತು ನಮ್ಮ ವಿಭಾಗದ ಮುಖ್ಯಸ್ಥರು. ಇಬ್ಬರೂ ಮೈಸೂರಿನವರು. ನನ್ನ ಬಾಯಿ ಮುಚ್ಚಿಸಬೇಕಾದಾಗಲೆಲ್ಲ ಅವರು ಕನ್ನಡಕ್ಕೆ ಇಳಿಯುತ್ತಿದ್ದರು.

ನನ್ನ ಜಗಳ ಇಷ್ಟೇ. ನಮ್ಮ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿಗೆ ಆರು ವಿಷಯ ಓದುತ್ತಿದ್ದರು. ನಾಲ್ಕು ಸಾಕು, ಆದರೆ ಆಳವಾಗಿ ಕಲಿಸೋಣ ಎಂದು ನಾನು ಪಟ್ಟು ಹಿಡಿದಿದ್ದೆ. ಹಿಡಿಯದೆ ಏನು ಮಾಡಲಿ? ಹಿಂದಿನ ಸೆಮಿಸ್ಟರಿನಲ್ಲಿ ನಾನೇ ಹೇಳಿಕೊಟ್ಟ ಪಾಠದ ಬಗ್ಗೆ ಧಾರವಾಡದಿಂದ ಓದಲು ಬಂದ ಹುಡುಗಿಯೊಬ್ಬಳನ್ನು ಕೇಳಿದರೆ, ‘ಅದನ್ನ ತಪಾವ್ ಮಾಡ್ಕೊಂಡು ಹೋಗಿದ್ವಿ ಬಿಡ್ರಿ ಮೇಡಂ, ಪರೀಕ್ಷಾದಾಗ ಖಾಲಿ ಆತು’ ಅಂದಳು. ತಪಾವ್ ಅಂದರೆ ಇಲ್ಲಿ ಪಾರ್ಸೆಲ್. ಅವಳ ಮೇಲೆ ಸಿಟ್ಟು ಬರಲಿಲ್ಲ, ನಮ್ಮಗಳ ಮೇಲೆ ಮೈಯೆಲ್ಲ ಉರಿಯಿತು.

ವಿಭಾಗದ ಸಭೆಯಲ್ಲಿ ಎಲ್ಲರೂ ವಿಷಯ ಕಡಿಮೆಯಾಗಬೇಕು ಅಂದರು. ತಂತಮ್ಮ ವಿಷಯ ಮಾತ್ರ ಉಳಿಯಬೇಕು ಅಂದರು. ಮುಖ್ಯಸ್ಥರು ನನ್ನ ಕಡೆ ಬಾಗಿ, ‘ನೋಡೋಣ ಬಿಡಿ ಮೇಡಂ, ಮುಂದಿನ ವರ್ಷ’ ಅಂದರು.

ಪಕ್ಕದಲ್ಲಿದ್ದ ಮಲಯ್ ಸಹೋದ್ಯೋಗಿ, ‘ಬಾಸ್ ಸೇ ವಾಟ್, ಆ?’ ಎಂದು ಕೇಳಿದರು.

‘ಹೀ ಸೇಸ್ ನೋ,’ ಅಂದೆ.

ಮುಖ್ಯಸ್ಥರು ಬೆಚ್ಚಿಬಿದ್ದರು. ‘ಅಯ್ಯೋ, ನಾನೆಲ್ರೀ ಇಲ್ಲ ಅಂದೆ? ನೋಡೋಣ ಅಂದೆ!’

‘ಸಾರ್, ನಾನೂ ಮೈಸೂರೋಳೇ. ಹೆಣ್ಣು ನೋಡೋಕೆ ಬಂದೋರು ನೋಡೋಣ ಅಂತ ಎದ್ದು ಹೋದ್ರೆ ವಾಪಸ್ ಬರ್ತಾರಾ?’

ಅದನ್ನೇ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಇಡೀ ಕೋಣೆ ನಕ್ಕಿತು. ಅವರ ಮುಖ ಕೆಂಪೇರಿತು. ಈ ಸಲ ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲೇ, ಹಾಗಾದರೆ ಯಾವುದನ್ನು ತೆಗೆಯಲಿ, ನಿಮ್ಮದನ್ನೇ ತೆಗೆಯಲೇ ಎಂದು ಕೇಳಿದರು.

ನನ್ನದು ಸಮೀಕ್ಷೆ ಮಾಡುವುದನ್ನು ಕಲಿಸುವ ವಿಷಯ. ಏನೂ ಇಲ್ಲದಲ್ಲಿಂದ ಅದನ್ನು ಕಟ್ಟಿದವಳು ನಾನು. ಉರಿಬಿಸಿಲಲ್ಲಿ ಹುಡುಗರನ್ನು ಮಾಮಾಕ್ ಅನ್ನುವ ತಮಿಳು ಮುಸ್ಲಿಮರ ಹೋಟೆಲುಗಳಿಗೆ ಕರೆದೊಯ್ದು, ಟೀ ಕುಡಿಯುತ್ತಿದ್ದ ಅಪರಿಚಿತರನ್ನು ಮಾತಾಡಿಸುವುದು ಹೇಗೆಂದು ಕಲಿಸುತ್ತಿದ್ದೆ. ಅದೊಂದನ್ನು ಬಿಟ್ಟರೆ ಈ ಕಾಲೇಜಿನಲ್ಲಿ ನನ್ನದು ಅಂತ ಹೇಳಿಕೊಳ್ಳಲು ಏನೂ ಇರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದರು.

‘ತೆಗೀರಿ,’ ಅಂದೆ. ‘ಮೊದಲು ನಂದೇ ತೆಗೀರಿ. ಇನ್ನೊಂದು ಯಾರದ್ದು, ಕೇಳಿ.’ ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ.

ಈಗ ಯಾರೂ ನಗಲಿಲ್ಲ. ಎಲ್ಲರೂ ಮೊಬೈಲು ನೋಡತೊಡಗಿದರು. ಕೊನೆಗೆ ಆ ಮಲಯ್ ಸಹೋದ್ಯೋಗಿ ನಿಟ್ಟುಸಿರು ಬಿಟ್ಟು, ತಮ್ಮದನ್ನೂ ತೆಗೆಯಿರಿ ಎಂದು ಕೈ ಎತ್ತಿದರು.

ಈಗ ನಾಲ್ಕೇ ವಿಷಯ. ಉಳಿದುಕೊಂಡ ಒಂದು ವಿಷಯದ ಅರ್ಧ ಪಾಠ ನನ್ನ ಪಾಲಿಗೆ ಬಂದಿದೆ. ಮೊನ್ನೆ ಲಿಫ್ಟಿನಲ್ಲಿ ಮುಖ್ಯಸ್ಥರು ಮೆಲ್ಲಗೆ, ‘ಇಷ್ಟೊಂದು ಹಠ ಬೇಕಿತ್ತಾ? ಕಳ್ಕೊಂಡಿದ್ದು ನೀವೇ ಅಲ್ವಾ?’ ಅಂದರು.

‘ಹೌದು ಸಾರ್, ಸಂಕಟ ಆಗುತ್ತೆ,’ ಅಂದೆ. ‘ನಾಳೆ ಮತ್ತೆ ಕೇಳಿ, ಮತ್ತೆ ನಂದನ್ನೇ ಕೊಡ್ತೀನಿ.’

ಕಣ್ಣು ತುಂಬಿ ಬಂದಿತ್ತು. ಒರೆಸಿಕೊಳ್ಳಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ.